ಹನ್ನೊಂದು ಸಾವಿರ ಜನರ ದೇಶ, ಅದಕ್ಕೊಂದು ಫುಟ್‌ಬಾಲ್ ತಂಡ: ಟುವಾಲು ವಿಶ್ವಕಪ್ ಅರ್ಹತಾ ಪಂದ್ಯ ಯಾಕೆ ಆಡುವುದಿಲ್ಲ?

2025ರ ನವೆಂಬರ್‌ನಲ್ಲಿ ಕುರಸಾವೊ ಎಂಬ ಕೆರಿಬಿಯನ್ ದ್ವೀಪ ಜಮೈಕಾ ಜೊತೆ 0-0 ಡ್ರಾ ಮಾಡಿಕೊಂಡು 2026ರ ಫುಟ್‌ಬಾಲ್ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಅಲ್ಲಿರುವ ಜನ ಒಂದೂವರೆ ಲಕ್ಷದ ಆಸುಪಾಸು. ವಿಶ್ವಕಪ್‌ಗೆ ಬಂದ ತಂಡಗಳಲ್ಲೇ ಇಷ್ಟು ಕಡಿಮೆ ಜನಸಂಖ್ಯೆಯದು ಇನ್ನೊಂದಿಲ್ಲ. ಸುದ್ದಿ ಓದಿದ ಬಹಳಷ್ಟು ಜನ ಮೊದಲು ಮ್ಯಾಪ್ ತೆಗೆದು ಆ ದ್ವೀಪ ಎಲ್ಲಿದೆ ಅಂತ ಹುಡುಕಿರಬೇಕು. ಆಮೇಲೆ ಸಹಜವಾಗಿ ಬರುವ ಪ್ರಶ್ನೆ: ಇದಕ್ಕಿಂತಲೂ ಚಿಕ್ಕ ದೇಶಗಳು ಇವೆಯಲ್ಲ, ಅವುಗಳ ಹೆಸರು ಅರ್ಹತಾ ಸುತ್ತಿನ ಪಟ್ಟಿಯಲ್ಲೂ ಯಾಕೆ ಇರುವುದಿಲ್ಲ?

ಇದನ್ನು ಅರ್ಥ ಮಾಡಿಕೊಳ್ಳೋಕೆ ಟುವಾಲು ಒಳ್ಳೆಯ ಉದಾಹರಣೆ. ಪೆಸಿಫಿಕ್ ಸಾಗರದ ನಡುವೆ, ಆಸ್ಟ್ರೇಲಿಯಾ ಮತ್ತು ಹವಾಯಿ ನಡುವಿನ ಹಾದಿಯಲ್ಲಿ ಸಿಗುವ ಒಂಬತ್ತು ದ್ವೀಪಗಳ ದೇಶ ಇದು. 1978ರ ಅಕ್ಟೋಬರ್ 1ರಂದು ಬ್ರಿಟನ್ನಿನಿಂದ ಸ್ವತಂತ್ರವಾಯಿತು. 2000ದಲ್ಲಿ ವಿಶ್ವಸಂಸ್ಥೆ ಸೇರಿತು. ಜನ ಸುಮಾರು 11,000. ಫುಟ್‌ಬಾಲ್ ತಂಡ ಇದೆ, ಲೀಗ್ ಇದೆ, ಊರೂರಿಗೆ ಕ್ಲಬ್ ಇದೆ. ಆದರೆ ಫಿಫಾ ರ್‍ಯಾಂಕಿಂಗ್‌ನಲ್ಲಿ ಕೊನೆಯ ಸ್ಥಾನವೂ ಇದಕ್ಕಿಲ್ಲ. ಯಾಕೆಂದರೆ ಟುವಾಲು ಫಿಫಾ ಸದಸ್ಯನೇ ಅಲ್ಲ.

ಮೈದಾನಕ್ಕೆ ಜಾಗ ಎಲ್ಲಿದೆ?

ಟುವಾಲುವಿನ ಒಂಬತ್ತೂ ದ್ವೀಪಗಳ ನೆಲ ಸೇರಿಸಿದರೆ ಬರೀ 26 ಚದರ ಕಿಲೋಮೀಟರ್. ಅತಿ ಎತ್ತರದ ಜಾಗ ಸಮುದ್ರ ಮಟ್ಟಕ್ಕಿಂತ ಐದು ಮೀಟರ್ ಕೂಡ ಮೇಲಿಲ್ಲ. ಇವುಗಳಲ್ಲಿ ಹೆಚ್ಚಿನವು ಹವಳದ ಉಂಗುರ ದ್ವೀಪಗಳು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಿಂದ ಎದ್ದ ಜ್ವಾಲಾಮುಖಿ ನಿಧಾನವಾಗಿ ಕುಸಿಯುತ್ತಾ ಹೋಯಿತು. ಅದರ ಸುತ್ತ ಬೆಳೆದ ಹವಳದ ದಂಡೆ ಮಾತ್ರ ಬಳೆಯ ಆಕಾರದಲ್ಲಿ ಉಳಿಯಿತು. ನಡುವೆ ಲಗೂನು ಎಂಬ ಶಾಂತವಾದ ನೀರು, ಹೊರಗೆ ಅಬ್ಬರದ ಸಾಗರ, ಎರಡರ ಮಧ್ಯೆ ಪಟ್ಟಿಯಂತೆ ಒಂದಿಷ್ಟು ನೆಲ. ರಾಜಧಾನಿ ಫುನಾಫುಟಿಯ ಮುಖ್ಯ ದ್ವೀಪ ಫೊಂಗಾಫಾಲೆ ಸುಮಾರು 12 ಕಿಲೋಮೀಟರ್ ಉದ್ದ. ಅಗಲ? ಎಲ್ಲಿ ಜಾಸ್ತಿ ಇದೆಯೋ ಅಲ್ಲಿ 400 ಮೀಟರ್. ಕೆಲವು ಕಡೆ ಒಂದು ಬದಿಯ ಸಮುದ್ರಕ್ಕೆ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹಾಕಿದರೆ ಇನ್ನೊಂದು ಬದಿಯ ನೀರು.

ಅಂತರರಾಷ್ಟ್ರೀಯ ಪಂದ್ಯದ ಮೈದಾನ ಕನಿಷ್ಠ 100 ಮೀಟರ್ ಉದ್ದ, 64 ಮೀಟರ್ ಅಗಲ ಇರಬೇಕು. ಅದರ ಸುತ್ತ ಒಂದಿಷ್ಟು ಖಾಲಿ ಜಾಗ, ಪ್ರೇಕ್ಷಕರಿಗೆ ಸ್ಥಳ, ಡ್ರೆಸಿಂಗ್ ರೂಮು. ಫೊಂಗಾಫಾಲೆಯಲ್ಲಿ ಅಷ್ಟು ಅಗಲದ ನೆಲ ಸಿಗುವ ಕಡೆಯೇ ಮನೆ, ಶಾಲೆ, ಚರ್ಚು, ಸರ್ಕಾರಿ ಕಚೇರಿ ಎಲ್ಲವೂ ಬಂದು ಕೂತಿವೆ. ಎಲ್ಲಕ್ಕಿಂತ ಹೆಚ್ಚು ಜಾಗ ತಿಂದಿರುವುದು ವಿಮಾನದ ರನ್‌ವೇ. ಎರಡನೇ ಮಹಾಯುದ್ಧದ ಹೊತ್ತಿಗೆ, 1943ರಲ್ಲಿ, ಅಮೆರಿಕದ ಸೇನೆ ಕಟ್ಟಿದ್ದು ಅದು. ಕಟ್ಟೋಕೆ ಬೇಕಾದ ಹವಳದ ಕಲ್ಲನ್ನು ಅದೇ ದ್ವೀಪದಿಂದಲೇ ಅಗೆದರು. ಆ ಗುಂಡಿಗಳು ಎಪ್ಪತ್ತು ವರ್ಷ ಹಾಗೇ ಬಿದ್ದಿದ್ದವು. ಉಪ್ಪುನೀರು, ಕಸ ತುಂಬಿಕೊಂಡಿದ್ದ ಆ ಗುಂಡಿಗಳನ್ನು ನ್ಯೂಜಿಲೆಂಡ್ ನೆರವಿನಿಂದ ಮುಚ್ಚಿದ್ದು ಸುಮಾರು ಹತ್ತು ವರ್ಷದ ಹಿಂದೆ.

ಈ ರನ್‌ವೇ ಊರಿನ ಆಟದ ಬಯಲೂ ಹೌದು. ಫಿಜಿಯಿಂದ ವಿಮಾನ ಬರುವುದು ವಾರಕ್ಕೆ ಕೆಲವೇ ದಿನ. ಉಳಿದ ಹೊತ್ತು ಅದು ಖಾಲಿ. ಬಿಸಿಲು ಇಳಿದ ಮೇಲೆ ಹುಡುಗರು ಅಲ್ಲಿ ಫುಟ್‌ಬಾಲ್, ರಗ್ಬಿ, ವಾಲಿಬಾಲ್ ಆಡುತ್ತಾರೆ. ಬೈಕಿನಲ್ಲಿ ಬಂದವರು ಅಂಚಿನಲ್ಲಿ ನಿಲ್ಲಿಸಿ ನೋಡುತ್ತಾರೆ. ಸೆಕೆ ಜಾಸ್ತಿಯಾದರೆ ಚಾಪೆ ತಂದು ಅಲ್ಲೇ ಮಲಗುವವರೂ ಇದ್ದಾರೆ. ವಿಮಾನ ಬರುವ ಮುಂಚೆ ಸೈರನ್ ಕೂಗುತ್ತದೆ. ಎಲ್ಲರೂ ಪಕ್ಕಕ್ಕೆ ಸರಿಯುತ್ತಾರೆ.

ಸರಿಯಾದ ಮೈದಾನ ಅಂತ ಇರುವುದು ಒಂದೇ, ಟುವಾಲು ಸ್ಪೋರ್ಟ್ಸ್ ಗ್ರೌಂಡ್. ಸುಮಾರು 1,500 ಜನ ನೋಡಬಹುದು. ಫುಟ್‌ಬಾಲೂ ಅಲ್ಲೇ, ರಗ್ಬಿಯೂ ಅಲ್ಲೇ. ಹುಲ್ಲು ಬೆಳೆಸುವುದೇ ದೊಡ್ಡ ಸಾಹಸ. ನೆಲದ ಅಡಿ ಇರುವುದು ಹವಳದ ಪುಡಿ. ಮಳೆ ನೀರು ನಿಲ್ಲದೆ ಇಂಗಿ ಹೋಗುತ್ತದೆ. ನದಿ, ಕೆರೆ ಯಾವುದೂ ಇಲ್ಲ. ಕುಡಿಯೋಕೂ ಮಳೆ ನೀರನ್ನೇ ಟ್ಯಾಂಕಿನಲ್ಲಿ ಹಿಡಿದಿಡಬೇಕು. 2011ರಲ್ಲಿ ಮಳೆ ಕೈಕೊಟ್ಟಾಗ ನೀರಿಗಾಗಿಯೇ ತುರ್ತು ಪರಿಸ್ಥಿತಿ ಘೋಷಿಸಿದ ದೇಶ ಇದು. ಅಂಥ ಕಡೆ ಮೈದಾನಕ್ಕೆ ಯಾರು ನೀರು ಬಿಡುತ್ತಾರೆ ಹೇಳಿ! ಇನ್ನು ವರ್ಷದ ಮೊದಲ ತಿಂಗಳುಗಳಲ್ಲಿ ದೊಡ್ಡ ಭರತ ಬಂದಾಗ ತೊಂದರೆ ಬೇರೆ ಥರ. ಆಗ ನೀರು ದಡ ದಾಟಿ ಬರಬೇಕು ಅಂತೇನೂ ಇಲ್ಲ. ಹವಳದ ಸಂದುಗಳಿಂದ ಉಪ್ಪುನೀರು ನೆಲದೊಳಗಿಂದಲೇ ಗುಳುಗುಳು ಎದ್ದು ಬರುತ್ತದೆ.

ಫಿಫಾ ಮತ್ತು ಒಎಫ್‌ಸಿ: ಯಾರು ಏನು?

ಫಿಫಾ ಅಂದರೆ ಜಗತ್ತಿನ ಫುಟ್‌ಬಾಲ್ ಆಳುವ ಸಂಸ್ಥೆ. ಇದರ ಸದಸ್ಯರು ದೇಶಗಳಲ್ಲ, ಆಯಾ ದೇಶದ ಫುಟ್‌ಬಾಲ್ ಸಂಘಗಳು. ಈಗ 211 ಸಂಘಗಳಿವೆ. ಫಿಫಾ ಕೆಳಗೆ ಆರು ಖಂಡಗಳ ಒಕ್ಕೂಟಗಳು. ಭಾರತ ಇರುವುದು ಏಷ್ಯಾದ ಒಕ್ಕೂಟದಲ್ಲಿ. ಪೆಸಿಫಿಕ್ ದ್ವೀಪಗಳಲ್ಲಿ ಹೆಚ್ಚಿನವು ಓಷಿಯಾನಿಯಾ ಒಕ್ಕೂಟಕ್ಕೆ ಸೇರುತ್ತವೆ. ಅದನ್ನೇ ಒಎಫ್‌ಸಿ ಅನ್ನುತ್ತಾರೆ. ಆರರಲ್ಲಿ ಇದೇ ಪುಟ್ಟದು. ಆಸ್ಟ್ರೇಲಿಯಾ 2006ರಲ್ಲಿ ಇದನ್ನು ಬಿಟ್ಟು ಏಷ್ಯಾ ಕಡೆ ಹೋದ ಮೇಲೆ ಇಲ್ಲಿ ನ್ಯೂಜಿಲೆಂಡೇ ದೊಡ್ಡಣ್ಣ.

ಒಎಫ್‌ಸಿಯಲ್ಲಿ ಎರಡು ಥರದ ಸದಸ್ಯರು. ಪೂರ್ಣ ಸದಸ್ಯರು 11, ಅವರೆಲ್ಲ ಫಿಫಾ ಸದಸ್ಯರೂ ಹೌದು. ಇವರ ಜೊತೆ ಸಹ ಸದಸ್ಯರು ಅಂತ ಇದ್ದಾರೆ: ಟುವಾಲು ಮತ್ತು ಪಕ್ಕದ ಕಿರಿಬಾಟಿ. ಟುವಾಲು ಈ ಸ್ಥಾನ ಪಡೆದದ್ದು 2006ರಲ್ಲಿ. ಸಹ ಸದಸ್ಯನಾದರೆ ಪ್ರಾದೇಶಿಕ ಕೂಟಗಳಲ್ಲಿ ಆಡಬಹುದು, ಒಂದಿಷ್ಟು ತರಬೇತಿ ನೆರವು ಸಿಗುತ್ತದೆ. ಫಿಫಾ ಹಣವೂ ಇಲ್ಲ, ಫಿಫಾ ಮತವೂ ಇಲ್ಲ, ವಿಶ್ವಕಪ್ ದಾರಿಯೂ ಇಲ್ಲ.

2026ರ ವಿಶ್ವಕಪ್‌ನಲ್ಲಿ ತಂಡಗಳ ಸಂಖ್ಯೆ 32ರಿಂದ 48ಕ್ಕೆ ಏರಿದ್ದರಿಂದ ಓಷಿಯಾನಿಯಾಕ್ಕೆ ಮೊದಲ ಸಲ ಒಂದು ಖಾಯಂ ಸ್ಥಾನ ಸಿಕ್ಕಿತು. ಮುಂಚೆ ಇಲ್ಲಿ ಗೆದ್ದವರೂ ಬೇರೆ ಖಂಡದ ತಂಡದ ಜೊತೆ ಪ್ಲೇ-ಆಫ್ ಆಡಬೇಕಿತ್ತು. 2025ರ ಮಾರ್ಚ್‌ನಲ್ಲಿ ನ್ಯೂ ಕ್ಯಾಲೆಡೋನಿಯಾವನ್ನು 3-0ಯಿಂದ ಸೋಲಿಸಿ ನ್ಯೂಜಿಲೆಂಡ್ ಆ ಸ್ಥಾನ ಪಡೆಯಿತು. ಹೀಗೆ ಬಾಗಿಲು ಸ್ವಲ್ಪ ಅಗಲವಾಗಿದೆ ನಿಜ. ಟುವಾಲು ನಿಂತಿರುವುದು ಗೇಟಿನ ಆಚೆ.

ಸ್ವತಂತ್ರ ದೇಶ ಹೊರಗೆ, ಬೇರೆಯವರ ಅಧೀನದ ದ್ವೀಪ ಒಳಗೆ

ಇಲ್ಲಿ ಓದುಗರಿಗೆ ಗೊಂದಲ ಆಗುವ ವಿಷಯವೊಂದಿದೆ. ಅಮೆರಿಕನ್ ಸಮೋವಾ ಸ್ವತಂತ್ರ ದೇಶವಲ್ಲ, ಅಮೆರಿಕದ ಆಡಳಿತಕ್ಕೆ ಸೇರಿದ ದ್ವೀಪ. ಟಹೀಟಿ ಮತ್ತು ನ್ಯೂ ಕ್ಯಾಲೆಡೋನಿಯಾ ಫ್ರಾನ್ಸಿನವು. ಮೂರೂ ಫಿಫಾ ಸದಸ್ಯರು. ಕುರಸಾವೊ ಕೂಡ ನೆದರ್‌ಲ್ಯಾಂಡ್ಸ್ ರಾಜಸತ್ತೆಯ ಭಾಗ. ಆದರೆ ವಿಶ್ವಸಂಸ್ಥೆಯಲ್ಲಿ ಅಮೆರಿಕ, ಭಾರತ, ಚೀನಾದ ಸಮಕ್ಕೆ ಕುರ್ಚಿ ಇರುವ ಟುವಾಲುಗೆ ಫಿಫಾದಲ್ಲಿ ಜಾಗ ಇಲ್ಲ. ವಿಶ್ವಸಂಸ್ಥೆಯಲ್ಲಿದ್ದು ಫಿಫಾದಲ್ಲಿ ಇಲ್ಲದ ದೇಶಗಳನ್ನು ಬೆರಳಲ್ಲಿ ಎಣಿಸಬಹುದು: ಯುರೋಪಿನ ಮೊನಾಕೊ, ಮತ್ತು ಪೆಸಿಫಿಕ್ಕಿನ ಟುವಾಲು, ಕಿರಿಬಾಟಿ, ನೌರು, ಪಲಾವ್, ಮೈಕ್ರೋನೇಷಿಯಾ, ಮಾರ್ಷಲ್ ದ್ವೀಪಗಳು. ಬ್ರಿಟನ್ ಲೆಕ್ಕ ಬೇರೆ, ಅದು ಇಂಗ್ಲೆಂಡ್, ಸ್ಕಾಟ್ಲೆಂಡ್ ಅಂತ ನಾಲ್ಕಾಗಿ ಒಳಗಿದೆ.

ಹೀಗೇಕೆ? ಸದಸ್ಯತ್ವ ಕೇಳುವ ಸಂಘ ಸ್ವತಂತ್ರ ದೇಶದ್ದಾಗಿರಬೇಕು ಅನ್ನುವುದು ಫಿಫಾ ನಿಯಮ. ಅಧೀನ ಪ್ರದೇಶಗಳಿಗೂ ಒಂದು ದಾರಿ ಇಟ್ಟಿದ್ದಾರೆ, ಯಾವ ದೇಶದ ಅಧೀನವೋ ಆ ದೇಶದ ಸಂಘ ಒಪ್ಪಿಗೆ ಕೊಡಬೇಕು. ಅಂದರೆ ಸ್ವಾತಂತ್ರ್ಯದ ಪರೀಕ್ಷೆಯಲ್ಲಿ ಟುವಾಲು ಸುಲಭವಾಗಿ ಪಾಸಾಗುತ್ತದೆ. ಸಿಕ್ಕಿಕೊಳ್ಳುವುದು ಮುಂದಿನ ಹಂತದಲ್ಲಿ. ಮೊದಲು ಖಂಡದ ಒಕ್ಕೂಟ ಒಪ್ಪಬೇಕು. ಸಂಘಕ್ಕೆ ಸರಿಯಾದ ಆಡಳಿತ ಇರಬೇಕು, ಪಂದ್ಯ ನಡೆಸೋಕೆ ಸೌಲಭ್ಯ ಇರಬೇಕು. ಪಂದ್ಯ ನಡೆಸೋದು ಅಂದರೆ ಮೈದಾನ ಒಂದೇ ಅಲ್ಲ. ಎದುರಾಳಿ ತಂಡ, ರೆಫರಿಗಳು, ಅಧಿಕಾರಿಗಳು ಬಂದಿಳಿದರೆ ಉಳಿಯೋಕೆ ಕೋಣೆಗಳು ಬೇಕು. ಬರೋಕೆ, ಹೋಗೋಕೆ ವಿಮಾನದಲ್ಲಿ ಸೀಟು ಬೇಕು. ಟುವಾಲು ದಶಕಗಳಿಂದ ಪ್ರಯತ್ನ ಮಾಡುತ್ತಲೇ ಇದೆ. ಪ್ರತಿ ಸಲ ಎಡವುವುದು ಮೈದಾನ ಮತ್ತು ವಸತಿಯ ವಿಷಯದಲ್ಲೇ.

ಈಗ ಹಣದ ಮಾತು. ಫಿಫಾ ತನ್ನ ಆದಾಯದ ಒಂದು ಪಾಲನ್ನು ಸದಸ್ಯರಿಗೆ ಹಂಚುತ್ತದೆ. 2023ರಿಂದ 2026ರವರೆಗಿನ ನಾಲ್ಕು ವರ್ಷಕ್ಕೆ ಒಂದೊಂದು ಸಂಘಕ್ಕೂ ಗರಿಷ್ಠ 80 ಲಕ್ಷ ಡಾಲರ್. ಇದರಲ್ಲಿ 50 ಲಕ್ಷ ನಿತ್ಯದ ಖರ್ಚಿಗೆ, 30 ಲಕ್ಷ ಮೈದಾನ, ತರಬೇತಿ ಕೇಂದ್ರದಂಥ ಯೋಜನೆಗಳಿಗೆ. ಆದಾಯ ತೀರಾ ಕಡಿಮೆ ಇರುವ ಸಂಘಗಳಿಗೆ ಪ್ರಯಾಣಕ್ಕೆ, ಸಲಕರಣೆಗೆ ಅಂತ ಇನ್ನೂ 10 ಲಕ್ಷ. ಆ 80 ಲಕ್ಷ ಬ್ರೆಜಿಲ್‌ಗೂ ಅಷ್ಟೇ, ಅಮೆರಿಕನ್ ಸಮೋವಾಕ್ಕೂ ಅಷ್ಟೇ. ಬ್ರೆಜಿಲ್‌ಗೆ ಇದು ಜುಜುಬಿ. ಹನ್ನೊಂದು ಸಾವಿರ ಜನರ ದೇಶಕ್ಕೆ ಈ ಹಣ ಬಂದರೆ ಇಡೀ ಆಟದ ಚಹರೆಯೇ ಬದಲಾಗುತ್ತದೆ.

ಆದರೆ ಹಣ ಬರಬೇಕಾದರೆ ಸದಸ್ಯತ್ವ ಬೇಕು. ಸದಸ್ಯತ್ವಕ್ಕೆ ಮೈದಾನ ಬೇಕು. ಮೈದಾನಕ್ಕೆ ಹಣ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಟುವಾಲು ಫುಟ್‌ಬಾಲ್ ಸಂಘದ್ದು ಥೇಟ್ ಅದೇ ಪಾಡು.

ಹಾಗಾದರೆ 2007ರಲ್ಲಿ ಆಡಿದ್ದು ಹೇಗೆ?

ಇಷ್ಟೆಲ್ಲ ಓದಿದ ಮೇಲೆ ಯಾರಾದರೂ ಹಳೆಯ ದಾಖಲೆ ತೆಗೆದು ಕೇಳಬಹುದು, 2010ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಟುವಾಲು ಹೆಸರು ಇದೆಯಲ್ಲ ಅಂತ. ಇದೆ. ಅದೊಂದು ವಿಚಿತ್ರ ಸಂದರ್ಭ.

ಪೆಸಿಫಿಕ್ ದ್ವೀಪಗಳಿಗೆ ತಮ್ಮದೇ ಒಂದು ಕ್ರೀಡಾಕೂಟ ಇದೆ, ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಮುಂಚೆ ಸೌತ್ ಪೆಸಿಫಿಕ್ ಗೇಮ್ಸ್, ಈಗ ಪೆಸಿಫಿಕ್ ಗೇಮ್ಸ್. ಇಲ್ಲಿ ಆಡೋಕೆ ಫಿಫಾ ಸದಸ್ಯತ್ವ ಬೇಕಿಲ್ಲ. ಟುವಾಲು ಇಲ್ಲಿ ಮೊದಲು ಫುಟ್‌ಬಾಲ್ ಆಡಿದ್ದು 1979ರಲ್ಲಿ, ಫಿಜಿಯಲ್ಲಿ. ಆಗ ಟಹೀಟಿ ಎದುರು 0-18ರಿಂದ ಸೋತರು. ಅದೇ ಕೂಟದಲ್ಲಿ ಟೊಂಗಾವನ್ನು 5-3ರಿಂದ ಸೋಲಿಸಿದರು.

2007ರ ಕೂಟ ಸಮೋವಾದ ಅಪಿಯಾದಲ್ಲಿ. ಖರ್ಚು, ಓಡಾಟ ಎರಡೂ ಉಳಿಯಲಿ ಅಂತ ಒಎಫ್‌ಸಿ ಆ ಫುಟ್‌ಬಾಲ್ ಟೂರ್ನಿಯನ್ನೇ ವಿಶ್ವಕಪ್ ಅರ್ಹತೆಯ ಮೊದಲ ಸುತ್ತು ಎಂದು ಮಾಡಿತು. ಟುವಾಲು ಕ್ರೀಡಾಕೂಟಕ್ಕೆ ಬಂದಿತ್ತು. ಹಾಗಾಗಿ ಫಿಫಾ ಸದಸ್ಯನಲ್ಲದಿದ್ದರೂ ವಿಶ್ವಕಪ್ ಅರ್ಹತಾ ಪಂದ್ಯ ಆಡಿದ ಮೊದಲ ದೇಶ ಎನಿಸಿಕೊಂಡಿತು.

ಫಿಜಿ 16 ಗೋಲು ಹೊಡೆಯಿತು. ಟುವಾಲು ಒಂದೂ ಹೊಡೆಯಲಿಲ್ಲ. ಕುಕ್ ದ್ವೀಪಗಳ ಎದುರು 1-4. ಇಷ್ಟೇ ಆಗಿದ್ದರೆ ಮಾತಾಡೋಕೆ ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಮುಂದೆ ಚಿನ್ನ ಗೆದ್ದ ನ್ಯೂ ಕ್ಯಾಲೆಡೋನಿಯಾ ಇವರನ್ನು ಸೋಲಿಸಿದ್ದು ಒಂದೇ ಗೋಲಿನಿಂದ. ಇನ್ನು ಟಹೀಟಿ ಜೊತೆ 1-1 ಡ್ರಾ! 1979ರಲ್ಲಿ 18 ಗೋಲು ಹೊಡೆದ ಅದೇ ಟಹೀಟಿ. ಟುವಾಲು ಪರ ಗೋಲು ಹೊಡೆದವರು ವಿಲಿಯಾಮು ಸೆಕಿಫು. ಫಿಫಾ ಸದಸ್ಯನಲ್ಲದ ದೇಶದ ಆಟಗಾರನೊಬ್ಬ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಹೊಡೆದ ಮೊದಲ ಗೋಲು ಅದು. ಒಂದೇ ಟೂರ್ನಿಯಲ್ಲಿ 0-16 ಮತ್ತು 1-1 ಎರಡನ್ನೂ ತೋರಿಸಿದ ತಂಡದ ಮಟ್ಟ ಏನು ಅಂತ ಅಳೆಯೋದು ಕಷ್ಟ. ವರ್ಷಗಟ್ಟಲೆ ಅಂತರರಾಷ್ಟ್ರೀಯ ಪಂದ್ಯವೇ ಇಲ್ಲದೆ, ಹಠಾತ್ತನೆ ಒಂದೇ ವಾರದಲ್ಲಿ ನಾಲ್ಕು ಪಂದ್ಯ ಆಡುವವರ ಫಲಿತಾಂಶ ಹೀಗೇ ಏರುಪೇರಾಗುತ್ತದೆ.

ಆಟಗಾರರು ಎಲ್ಲಿಂದ ಬರಬೇಕು?

ಸುಮ್ನೆ ಒಂದು ಲೆಕ್ಕ ಹಾಕಿ. ಹನ್ನೊಂದು ಸಾವಿರ ಜನರಲ್ಲಿ ಅರ್ಧ ಗಂಡಸರು. ಮಕ್ಕಳು, ವಯಸ್ಸಾದವರನ್ನು ಬಿಟ್ಟರೆ ಆಡುವ ವಯಸ್ಸಿನವರು ಒಂದೆರಡು ಸಾವಿರ ಉಳಿಯಬಹುದು. ಅವರಲ್ಲೂ ಎಷ್ಟೋ ಜನ ಊರಲ್ಲೇ ಇರುವುದಿಲ್ಲ. ಟುವಾಲುವಿನ ಗಂಡಸರು ತಲೆಮಾರುಗಳಿಂದ ವಿದೇಶಿ ಸರಕು ಹಡಗುಗಳಲ್ಲಿ ನಾವಿಕರಾಗಿ ದುಡಿಯುತ್ತಾರೆ. ಅದಕ್ಕಾಗಿಯೇ ಅಮಟುಕು ಎಂಬ ಪುಟ್ಟ ದ್ವೀಪದಲ್ಲಿ ತರಬೇತಿ ಶಾಲೆ ಇದೆ. ಹಡಗು ಹತ್ತಿದರೆ ತಿಂಗಳುಗಟ್ಟಲೆ ವಾಪಸಿಲ್ಲ. ಇನ್ನು ಕೆಲವರು ಓದೋಕೆ ಫಿಜಿಗೆ, ತೋಟದ ಕೆಲಸಕ್ಕೆ ನ್ಯೂಜಿಲೆಂಡ್, ಆಸ್ಟ್ರೇಲಿಯಾಕ್ಕೆ.

ಉಳಿದವರನ್ನು ಒಂದು ಕಡೆ ಸೇರಿಸುವುದೂ ಸುಲಭವಲ್ಲ. ಫುನಾಫುಟಿ ಬಿಟ್ಟರೆ ಬೇರೆ ಯಾವ ದ್ವೀಪದಲ್ಲೂ ವಿಮಾನ ನಿಲ್ದಾಣ ಇಲ್ಲ. ಉತ್ತರ ತುದಿಯ ನನುಮೆಯಾ ರಾಜಧಾನಿಯಿಂದ 400 ಕಿಲೋಮೀಟರಿಗೂ ದೂರ. ಅಲ್ಲಿಂದ ಒಬ್ಬ ಒಳ್ಳೆಯ ಗೋಲ್‌ಕೀಪರ್ ಸಿಕ್ಕಿದ ಅಂದರೆ, ಸರ್ಕಾರಿ ಹಡಗು ಬರುವವರೆಗೆ ಕಾದು, ಅದರಲ್ಲೇ ಬರಬೇಕು.

ಈ ಕಾರಣಕ್ಕೇ ಅಲ್ಲಿನ ಲೀಗ್ ಸ್ವಾರಸ್ಯವಾಗಿದೆ. ಪಂದ್ಯಗಳೆಲ್ಲ ನಡೆಯುವುದು ಫುನಾಫುಟಿಯ ಅದೊಂದೇ ಮೈದಾನದಲ್ಲಿ. ಕ್ಲಬ್‌ಗಳು ಮಾತ್ರ ಬೇರೆ ಬೇರೆ ದ್ವೀಪದವು. ನೌಟಿ ಫುನಾಫುಟಿಯವರ ಕ್ಲಬ್. ತೊಫಾಂಗಾ ವೈಟುಪು ದ್ವೀಪದವರದು. ಲಕೇನಾ ಯುನೈಟೆಡ್ ನನುಮೆಯಾದವರದು. ಕೆಲಸಕ್ಕೆ, ಓದಿಗೆ ರಾಜಧಾನಿಗೆ ಬಂದು ನೆಲೆಸಿದವರು ತಮ್ಮ ತಮ್ಮ ದ್ವೀಪದ ಹೆಸರಲ್ಲಿ ಆಡುತ್ತಾರೆ. ಹೋಮ್, ಅವೇ ಎಂಬ ಮಾತೇ ಇಲ್ಲ. ಎಲ್ಲರಿಗೂ ಅದೇ ಹೋಮ್. ಇದರ ಪಕ್ಕದಲ್ಲೇ ಅವರ ಹಳೆಯ ಆಟ ‘ಟೆ ಅನೊ’ ಕೂಡ ಉಳಿದಿದೆ. ಕೇದಗೆ ಜಾತಿಯ ಗಿಡದ ಎಲೆ ಹೆಣೆದು ಮಾಡಿದ ಗಟ್ಟಿ ಚೆಂಡನ್ನು ಎರಡು ಗುಂಪಿನವರು ನೆಲಕ್ಕೆ ಬೀಳದಂತೆ ಕೈಯಲ್ಲಿ ಹೊಡೆದಾಡುವ ಆಟ ಅದು.

ಜನ ಕಡಿಮೆ ಇದ್ದರೆ ಒಬ್ಬರೇ ಎರಡು ಮೂರು ಕೆಲಸ ಮಾಡಬೇಕಾಗುತ್ತದೆ. ತೊಫಾಂಗಾ ಕ್ಲಬ್ ಮತ್ತು ರಾಷ್ಟ್ರೀಯ ತಂಡದ ಡಿಫೆಂಡರ್ ಎಟಿಮೋನಿ ಟಿಮುವಾನಿ 2016ರ ರಿಯೊ ಒಲಿಂಪಿಕ್ಸ್‌ಗೆ ಹೋದರು. ಫುಟ್‌ಬಾಲ್ ಆಡೋಕಲ್ಲ, 100 ಮೀಟರ್ ಓಡೋಕೆ. ಇಡೀ ದೇಶದಿಂದ ಹೋದ ಕ್ರೀಡಾಪಟು ಅವರೊಬ್ಬರೇ. ಬಾವುಟ ಹಿಡಿದವರೂ ಅವರೇ. 11.81 ಸೆಕೆಂಡಿನಲ್ಲಿ ಓಡಿ ಮುಗಿಸಿದರು.

ಸದಸ್ಯತ್ವ ಇದ್ದರೆ ಗೆಲುವು ಬರುತ್ತದೆಯೇ?

ಇಲ್ಲ, ತಕ್ಷಣ ಬರುವುದಿಲ್ಲ. ಅಮೆರಿಕನ್ ಸಮೋವಾ ನೋಡಿ. 1998ರಲ್ಲಿ ಫಿಫಾ ಸೇರಿತು. 2001ರ ಏಪ್ರಿಲ್ 11ರಂದು ಆಸ್ಟ್ರೇಲಿಯಾ ಎದುರು 0-31ರಿಂದ ಸೋತಿತು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಇವತ್ತಿಗೂ ಅದೇ ಅತಿ ದೊಡ್ಡ ಸೋಲು. ಆರ್ಚಿ ಥಾಂಪ್ಸನ್ ಒಬ್ಬರೇ 13 ಗೋಲು ಹೊಡೆದರು. ಎಲ್ಲರಿಗೂ ನೆನಪಿರುವುದು ಈ ಅಂಕಿ ಮಾತ್ರ. ಅದರ ಹಿಂದಿನ ಕಾರಣ ಪಾಸ್‌ಪೋರ್ಟ್. ತಂಡಕ್ಕೆ ಆಡುವವರ ಹತ್ತಿರ ಅಮೆರಿಕದ ಪಾಸ್‌ಪೋರ್ಟ್ ಇರಬೇಕಿತ್ತು. ಆಯ್ಕೆಯಾದವರಲ್ಲಿ ಅದು ಇದ್ದದ್ದು ಗೋಲ್‌ಕೀಪರ್ ನಿಕಿ ಸಲಾಪು ಒಬ್ಬರಿಗೇ. 20 ವರ್ಷದೊಳಗಿನವರ ತಂಡವನ್ನು ಕರೆಯೋಣ ಅಂದರೆ ಹಲವರಿಗೆ ಹೈಸ್ಕೂಲ್ ಪರೀಕ್ಷೆ. ಕೊನೆಗೆ ಹದಿನೈದು ವರ್ಷದ ಹುಡುಗರನ್ನೂ ಸೇರಿಸಿಕೊಂಡು ಇಳಿದರು.

ಹತ್ತು ವರ್ಷದ ಮೇಲೆ, 2011ರ ನವೆಂಬರ್‌ನಲ್ಲಿ, ಅದೇ ತಂಡ ಟೊಂಗಾವನ್ನು 2-1ರಿಂದ ಸೋಲಿಸಿತು. ಅವರ ಮೊದಲ ಅಧಿಕೃತ ಗೆಲುವು. ಸಲಾಪು ಆಗಲೂ ಗೋಲಿನಲ್ಲಿದ್ದರು. ನಡುವೆ ಆದದ್ದೇನು? ಪ್ರತಿ ವಿಶ್ವಕಪ್‌ಗೂ ಅರ್ಹತಾ ಪಂದ್ಯ ಆಡುವ ಅವಕಾಶ ಸಿಕ್ಕಿತು, ಅಮೆರಿಕದಿಂದ ಥಾಮಸ್ ರೊಂಗೆನ್ ಎಂಬ ಅನುಭವಿ ಕೋಚ್ ಬಂದರು, ತಮ್ಮಷ್ಟೇ ಶಕ್ತಿ ಇರುವವರ ಜೊತೆ ಆಡುವ ಸುತ್ತು ಇತ್ತು. ಈಗಲೂ ಓಷಿಯಾನಿಯಾದಲ್ಲಿ ಸಣ್ಣ ತಂಡಗಳಿಗೆ ಮೊದಲ ಸುತ್ತು ಬೇರೆ. 2026ರ ಅರ್ಹತೆಗಾಗಿ ಸಮೋವಾ, ಅಮೆರಿಕನ್ ಸಮೋವಾ, ಕುಕ್ ದ್ವೀಪಗಳು, ಟೊಂಗಾ ಮೊದಲು ತಮ್ಮತಮ್ಮಲ್ಲೇ ಆಡಿದವು. ಟುವಾಲು ಒಳಗೆ ಬಂದರೆ ಸೇರುವುದು ಈ ಗುಂಪಿಗೇ. ಅಲ್ಲಿ ಅದು ಅಷ್ಟೇನೂ ಬಡಪಾಯಿಯಾಗಿ ಕಾಣಲಾರದು ಅಂತ ನನಗನಿಸುತ್ತದೆ. 2011ರ ಪೆಸಿಫಿಕ್ ಗೇಮ್ಸ್‌ನಲ್ಲಿ ಟುವಾಲು ಅಮೆರಿಕನ್ ಸಮೋವಾವನ್ನು 4-0ಯಿಂದ ಸೋಲಿಸಿತ್ತು.

ಆ 4-0 ಗೆಲುವಿನ ಹಿಂದೆಯೂ ಹೊರಗಿನ ನೆರವಿತ್ತು. ನೆದರ್‌ಲ್ಯಾಂಡ್ಸ್‌ನಲ್ಲಿ ಟುವಾಲು ಫುಟ್‌ಬಾಲ್‌ಗೆ ಬೆಂಬಲವಾಗಿ ಕೆಲವರು ಒಂದು ಪ್ರತಿಷ್ಠಾನ ಕಟ್ಟಿದ್ದರು. ಅದರ ಮೂಲಕ ಫೊಪ್ಪೆ ಡಿ ಹಾನ್ ಕೋಚ್ ಆಗಿ ಬಂದರು. ಇವರು ನೆದರ್‌ಲ್ಯಾಂಡ್ಸ್‌ನ 21 ವರ್ಷದೊಳಗಿನವರ ತಂಡಕ್ಕೆ 2006 ಮತ್ತು 2007ರಲ್ಲಿ ಯುರೋಪ್ ಚಾಂಪಿಯನ್‌ಷಿಪ್ ಗೆಲ್ಲಿಸಿಕೊಟ್ಟವರು.

ಬೇರೆ ಬಾಗಿಲು

ಫಿಫಾ ಹೊರಗಿರುವವರಿಗೆ ‘ಕೊನಿಫಾ’ ಎಂಬ ಇನ್ನೊಂದು ಸಂಸ್ಥೆ ಇದೆ. 2013ರಲ್ಲಿ ಶುರುವಾಯಿತು. ದೇಶ ಕಳೆದುಕೊಂಡ ಸಮುದಾಯಗಳು, ಮಾನ್ಯತೆ ಸಿಗದ ಪ್ರದೇಶಗಳು, ಭಾಷಾ ಅಲ್ಪಸಂಖ್ಯಾತರು ಇಲ್ಲಿ ತಂಡ ಕಟ್ಟಿ ಆಡುತ್ತಾರೆ. 2018ರಲ್ಲಿ ಲಂಡನ್ನಿನಲ್ಲಿ ನಡೆದ ಕೊನಿಫಾ ವಿಶ್ವಕಪ್‌ಗೆ ಕಿರಿಬಾಟಿ ಬರಲಾಗದೆ ಹೋದಾಗ ಆ ಜಾಗದಲ್ಲಿ ಟುವಾಲು ಆಡಿತು. ನಮ್ಮ ಬೈಲಕುಪ್ಪೆ, ಮುಂಡಗೋಡದಲ್ಲಿ ನೆಲೆಸಿರುವವರ ಹಾಗೆಯೇ ದೇಶ ಬಿಟ್ಟು ಬಂದ ಟಿಬೆಟಿಯನ್ನರ ತಂಡವೂ ಅಲ್ಲಿತ್ತು, ತಮಿಳ್ ಈಳಂ ತಂಡವೂ ಇತ್ತು. ಈ ಪಟ್ಟಿಯಲ್ಲಿ ಟುವಾಲು ಸ್ವಲ್ಪ ಬೇರೆಯೇ. ಅದಕ್ಕೆ ದೇಶವೂ ಇದೆ, ಮಾನ್ಯತೆಯೂ ಇದೆ. ಇಲ್ಲದ್ದು ಫಿಫಾ ಚೀಟಿ ಒಂದೇ.

ತವರಿನಲ್ಲಿ ಜಾಗ ಇಲ್ಲದಿದ್ದರೆ ಹೊರಗೆ ಆಡಬಹುದು ಅಂತ ತೋರಿಸಿದ್ದು ಮಾರ್ಷಲ್ ದ್ವೀಪಗಳು. ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ 11 ಮಂದಿಯ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯವನ್ನೇ ಆಡಿರದ ಕೊನೆಯ ದೇಶ ಅಂತ ಅದಕ್ಕೆ ಹೆಸರಿತ್ತು. 2020ರಲ್ಲಿ ಸಂಘ ಕಟ್ಟಿ, 2025ರ ಆಗಸ್ಟ್‌ನಲ್ಲಿ ಮೊದಲ ಪಂದ್ಯ ಆಡಿದರು. ಆಡಿದ್ದು ಅಮೆರಿಕದ ಅರ್ಕಾನ್ಸಾ ರಾಜ್ಯದ ಸ್ಪ್ರಿಂಗ್‌ಡೇಲ್‌ನಲ್ಲಿ. ಯಾಕೆಂದರೆ ವಲಸೆ ಹೋದ ಸಾವಿರಾರು ಮಾರ್ಷಲ್ ಜನ ಅಲ್ಲಿದ್ದಾರೆ. ಅಮೆರಿಕದ ವರ್ಜಿನ್ ದ್ವೀಪಗಳ ಎದುರು 0-4, ಟರ್ಕ್ಸ್ ಮತ್ತು ಕೈಕೋಸ್ ಎದುರು 2-3. ಎರಡೂ ಸೋಲೇ, ಆದರೆ ಎರಡು ಗೋಲು ಬಂದವು.

ಮುಂದೇನು?

ಟುವಾಲುವಿನ ಜನವೂ ಹೊರಗೆ ಹೋಗುತ್ತಿದ್ದಾರೆ. ಸಮುದ್ರ ಮಟ್ಟ ಏರುತ್ತಿರುವುದರಿಂದ ಆಸ್ಟ್ರೇಲಿಯಾ ಜೊತೆ ಫಲೆಪಿಲಿ ಒಪ್ಪಂದ ಆಗಿದೆ. 2023ರ ನವೆಂಬರ್‌ನಲ್ಲಿ ಸಹಿ ಬಿತ್ತು, 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ವರ್ಷಕ್ಕೆ 280 ಜನ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಬಹುದು. 2025ರಲ್ಲಿ ಮೊದಲ ಲಾಟರಿ ತೆರೆದಾಗ ದೇಶದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಹೆಸರು ಕೊಟ್ಟರು. ಮೊದಲು ಹೋಗುವವರಲ್ಲಿ ಯುವಕರೇ ಜಾಸ್ತಿ ಇದ್ದರೆ ತಂಡಕ್ಕೆ ಹೊಡೆತ ಅಲ್ವಾ ಅಂತ ಅನಿಸಬಹುದು. ಇನ್ನೊಂದು ಬಗೆಯಲ್ಲಿ ನೋಡಿದರೆ, ರಾಷ್ಟ್ರೀಯ ತಂಡಕ್ಕೆ ಆಡೋಕೆ ಬೇಕಿರುವುದು ಆ ದೇಶದ ಪೌರತ್ವ, ಆ ದೇಶದಲ್ಲಿ ವಾಸ ಅಲ್ಲ. ಆಸ್ಟ್ರೇಲಿಯಾದ ಹುಲ್ಲಿನ ಮೈದಾನದಲ್ಲಿ ಕ್ಲಬ್ ಫುಟ್‌ಬಾಲ್ ಆಡಿ ಪಳಗಿದ ಹುಡುಗ ಟುವಾಲು ಪೌರನಾಗಿಯೇ ಉಳಿದರೆ ಟುವಾಲು ಜರ್ಸಿ ಹಾಕಬಹುದು. ಕುರಸಾವೊ ತಂಡದಲ್ಲಿಯೂ ಹೆಚ್ಚಿನವರು ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿ ಆಟ ಕಲಿತವರು.

ನೆಲದ ಪ್ರಶ್ನೆ ಮಾತ್ರ ಹಾಗೇ ಇದೆ. ಫುನಾಫುಟಿಯಲ್ಲಿ ಲಗೂನಿನ ಮರಳು ಎತ್ತಿ ಹಾಕಿ ಸುಮಾರು 780 ಮೀಟರ್ ಉದ್ದ, 100 ಮೀಟರ್ ಅಗಲದ ಎತ್ತರದ ಹೊಸ ನೆಲ ಮಾಡಿದ್ದಾರೆ. ಅಲೆಗಳಿಂದ ಊರನ್ನು ಉಳಿಸೋಕೆ ಮಾಡಿದ ಕೆಲಸ ಅದು. ಹೊಸ ನೆಲ ಸಿಕ್ಕಿದರೆ ಮನೆ, ಆಸ್ಪತ್ರೆ, ರಸ್ತೆ ಎಲ್ಲಕ್ಕೂ ಅದು ಬೇಕು. 2023ರಲ್ಲಿ ಟುವಾಲು ತನ್ನ ಸಂವಿಧಾನವನ್ನೂ ತಿದ್ದಿಕೊಂಡಿತು. ನೆಲ ಮುಳುಗಿದರೂ ದೇಶವಾಗಿ ತಾನು ಇರುತ್ತೇನೆ ಅಂತ ಅದರಲ್ಲಿ ಬರೆದುಕೊಂಡಿದೆ. ಅಂಥ ದೇಶಕ್ಕೆ ತವರಿನ ಮೈದಾನ ಎಲ್ಲಿರಬೇಕು ಅನ್ನುವುದನ್ನು ಫಿಫಾ ಎಂದಾದರೂ ಯೋಚಿಸಬೇಕಾಗಬಹುದು.

ಸದ್ಯಕ್ಕೆ ಟುವಾಲು ಆಡಬಹುದಾದ ದೊಡ್ಡ ವೇದಿಕೆ ಪೆಸಿಫಿಕ್ ಗೇಮ್ಸ್. ಮುಂದಿನದು 2027ರಲ್ಲಿ, ಟಹೀಟಿಯಲ್ಲಿ.